ಎಲ್ಲಾ ಚಾವಿ ಒಬ್ಬರ ಹತ್ತಿರವೇ ಯಾಕೆ? ಮುಕ್ತ ತಂತ್ರಾಂಶ ಯೋಜನೆಯ ಮುಂದಾಳತ್ವ ಹಂಚಿಕೊಳ್ಳುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿ, ಬೀದರ್, ಯಾದಗಿರಿ ಕಡೆ ಮುಕ್ತ ತಂತ್ರಾಂಶ (ಯಾರು ಬೇಕಾದರೂ ಕೋಡ್ ನೋಡಿ, ತಿದ್ದಿ, ಹಂಚಬಹುದಾದ ಸಾಫ್ಟ್‌ವೇರ್) ಕಟ್ಟುತ್ತಿರುವವರಿಗೆ, ಕಟ್ಟಬೇಕು ಅಂದುಕೊಂಡವರಿಗೆ ಈ ಪುಟ. ಮಾತು ಗಾಳಿಯಲ್ಲಿ ಹಾರಬಾರದೆಂದು ಉದ್ದಕ್ಕೂ ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡಿದ್ದೇವೆ: ಎಪಿಎಂಸಿಯ ತೊಗರಿ ದರವನ್ನು ದಿನವೂ ತಂದು ರೈತರ ಮೊಬೈಲಿಗೆ ತೋರಿಸುವ ಆ್ಯಪ್. ದರ ತರುವ ಸ್ಕ್ರಿಪ್ಟ್, ಅದು ಓಡುವ ಸರ್ವರ್, ಆಂಡ್ರಾಯ್ಡ್ ಆ್ಯಪ್, ಡೊಮೇನ್ ಹೆಸರು, ಕನ್ನಡ-ಉರ್ದು-ಮರಾಠಿ-ತೆಲುಗು ಪಠ್ಯ, ಇಷ್ಟು ಅದರ ಭಾಗಗಳು. ಐದು ಜನ ಸೇರಿ ಮಾಡಿದ್ದು. ಚಾವಿ ಮಾತ್ರ (ಇವುಗಳ ಒಳಗೆ ಹೋಗಿ ಬದಲಿಸುವ ಪಾಸ್‌ವರ್ಡ್, ಹಕ್ಕು) ಒಬ್ಬನ ಹತ್ತಿರ.

ಮುಂದಾಳತ್ವ ಹಂಚಿಕೊಳ್ಳುವುದು ಅಂದರೆ ಎಲ್ಲರೂ ಸೇರಿ ಕೋಡ್ ಬರೆಯುವುದೇ?

ಅಲ್ಲ. ನೂರು ಜನ ಕೋಡ್ ಕಳಿಸಲಿ, ಅದನ್ನು ನೋಡಿ ಒಳಗೆ ಸೇರಿಸುವವರು ಒಬ್ಬರೇ ಆಗಿದ್ದರೆ ಏನೂ ಹಂಚಿಲ್ಲ ಎಂದೇ ಅರ್ಥ. ರೆಪೊ (ಕೋಡ್ ಇಟ್ಟಿರುವ ಭಂಡಾರ), ಸರ್ವರ್, ಡೊಮೇನ್‌ಗಳಿಗೆ ಯಾರು ಒಳಗೆ ಹೋಗಬಲ್ಲರು, ಇದು ಬೇಕು ಇದು ಬೇಡ ಎಂದು ಯಾರು ಹೇಳಬಲ್ಲರು, ಇಶ್ಯೂಗಳಿಗೆ (ಬಳಕೆದಾರರು ಬರೆದ ದೂರು, ಬೇಡಿಕೆಗಳಿಗೆ) ಉತ್ತರ ಬರೆಯುವ ಮತ್ತು ರಿಲೀಸ್ (ಹೊಸ ಆವೃತ್ತಿ) ಕಟ್ಟುವ ಬೇಸರದ ಕೆಲಸ ಯಾರ ಪಾಲಿಗೆ ಬಿದ್ದಿದೆ, ಇವನ್ನು ಕೇಳಿ ನೋಡಿ. ಪ್ರತಿ ಪ್ರಶ್ನೆಗೂ ಕನಿಷ್ಠ ಎರಡು ಹೆಸರು ಬರಬೇಕು. ಹೆಚ್ಚಿನ ಯೋಜನೆಗಳು ಬೇಸರದ ಕೆಲಸವನ್ನು ಮೊದಲ ದಿನವೇ ಹಂಚುತ್ತವೆ, ಚಾವಿಯನ್ನು ಕೊನೆಗೆ. ಕ್ರಮ ಉಲ್ಟಾ ಇರಬೇಕು.

ನಮ್ಮದಿನ್ನೂ ಚಿಕ್ಕ ಯೋಜನೆ. ಈಗಲೇ ಇದೆಲ್ಲ ಬೇಕೇನ್ರಿ?

ನಮ್ಮ ಕಡೆ ಇನ್ನೂ ಬೇಗ ಬೇಕು. ಇಲ್ಲಿ ಶುರುವಾಗುವ ಯೋಜನೆಗಳಲ್ಲಿ ಬಹಳಷ್ಟು ಕಾಲೇಜಿನ ಕೊನೆಯ ವರ್ಷದವು. ಕ್ಯಾಂಪಸ್‌ನಲ್ಲಿ ಆಯ್ಕೆಯಾದವರು ಜೂನ್-ಜುಲೈ ಹೊತ್ತಿಗೆ ಹೈದರಾಬಾದ್, ಪುಣೆ, ಬೆಂಗಳೂರಿನ ರೈಲು ಹತ್ತಿರುತ್ತಾರೆ. ಕೆಲವು ತಿಂಗಳಲ್ಲಿ ಕಾಲೇಜಿನ ಇಮೇಲ್ ಬಂದ್ ಆಗುತ್ತದೆ. ಡೊಮೇನ್ ನವೀಕರಣದ ನೋಟಿಸ್ ಹೋಗುವುದು ಅದೇ ವಿಳಾಸಕ್ಕೆ. ಹೊಸ ಕೆಲಸದಲ್ಲಿ ಆರು ತಿಂಗಳು ತಲೆ ಎತ್ತಲು ಆಗುವುದಿಲ್ಲ. ಅದು ಅವರ ತಪ್ಪೂ ಅಲ್ಲ.

ಅಷ್ಟರಲ್ಲಿ ಜನವರಿ ಬರುತ್ತದೆ. ಹೊಸ ತೊಗರಿ ಮಾರುಕಟ್ಟೆಗೆ ಇಳಿದಿದೆ, ಆ್ಯಪ್ ತೆರೆಯುವವರು ವರ್ಷದಲ್ಲೇ ಹೆಚ್ಚು. ಆ ವಾರವೇ ದರ ಪ್ರಕಟಿಸುವ ಜಾಲತಾಣ ತನ್ನ ಕೋಷ್ಟಕದಲ್ಲಿ ಒಂದು ಕಾಲಂ ಹೆಚ್ಚಿಸುತ್ತದೆ. ಸ್ಕ್ರಿಪ್ಟ್ ಕೆಡುವುದಿಲ್ಲ. ಗರಿಷ್ಠ ದರದ ಜಾಗದಲ್ಲಿ ಆವಕದ ಚೀಲಗಳ ಸಂಖ್ಯೆಯನ್ನು ಓದಿಕೊಂಡು ಆರಾಮಾಗಿ ಓಡುತ್ತದೆ. ಊರಲ್ಲಿ ಉಳಿದ ನಾಲ್ವರಿಗೂ ತಪ್ಪು ಕಾಣುತ್ತಿದೆ, ಎರಡು ಸಾಲು ತಿದ್ದಿದರೆ ಸಾಕೆಂದೂ ಗೊತ್ತು. ಸರ್ವರ್‌ಗೆ ಹೋಗುವ ದಾರಿ ಮಾತ್ರ ಇಲ್ಲ. ಯೋಜನೆ ದೊಡ್ಡದಾಗಿದ್ದಕ್ಕೆ ಹೀಗೆ ಆಗಲಿಲ್ಲ ನೋಡ್ರಿ, ಚಾವಿ ಒಂದೇ ಇದ್ದದ್ದಕ್ಕೆ ಆಯಿತು.

ನಮ್ಮ ಯೋಜನೆ ಒಬ್ಬರ ಮೇಲೆ ಎಷ್ಟು ನಿಂತಿದೆ ಎಂದು ಅಳೆಯುವುದು ಹೇಗೆ?

ಇದಕ್ಕೆ 'ಬಸ್ ಫ್ಯಾಕ್ಟರ್' ಎನ್ನುತ್ತಾರೆ: ಎಷ್ಟು ಜನ ಒಮ್ಮೆಲೇ ಕಾಣೆಯಾದರೆ ಕೆಲಸ ನಿಲ್ಲುತ್ತದೆ ಎಂಬ ಲೆಕ್ಕ. ಕೋಡಿನ ಪ್ರತಿ ಬದಲಾವಣೆಯನ್ನು ದಾಖಲಿಸುವ ಗಿಟ್‌ನ ಶಾರ್ಟ್‌ಲಾಗ್ ಆಜ್ಞೆಯನ್ನು ಕಳೆದ 12 ತಿಂಗಳಿಗೆ ಮಿತಿಗೊಳಿಸಿ ಓಡಿಸಿದರೆ ಯಾರ ಹೆಸರಲ್ಲಿ ಎಷ್ಟು ಕಮಿಟ್ (ದಾಖಲಾದ ಬದಲಾವಣೆ) ಎಂಬ ಪಟ್ಟಿ ಬರುತ್ತದೆ. ಒಬ್ಬರೇ ಎರಡು ಇಮೇಲ್ ಬಳಸಿದ್ದರೆ ಇಬ್ಬರಂತೆ ಕಾಣುತ್ತಾರೆ. ಮೇಲ್‌ಮ್ಯಾಪ್ ಕಡತದಲ್ಲಿ ಹೆಸರು ಜೋಡಿಸಿದ ಮೇಲೆಯೇ ಲೆಕ್ಕ ನಂಬಿ.

ಆದರೆ ಕಮಿಟ್ ಎಣಿಕೆ ಅರ್ಧ ಸತ್ಯ. ಇದಕ್ಕಿಂತ ಖಚಿತವಾದದ್ದು ಒಂದು ಕವಾಯತು. ಒಂದು ಶನಿವಾರ ಮುಖ್ಯ ಮೇಂಟೇನರ್ (ಯೋಜನೆ ನೋಡಿಕೊಳ್ಳುವವರು) ಫೋನ್ ಮುಟ್ಟಬಾರದು. ಉಳಿದವರು ಅವರನ್ನು ಏನೂ ಕೇಳದೆ ಒಂದು ಅಕ್ಷರದೋಷ ತಿದ್ದಿ, ಹೊಸ ರಿಲೀಸ್ ಕಟ್ಟಿ, ಸರ್ವರ್‌ಗೆ ಏರಿಸಿ ತೋರಿಸಬೇಕು. ಎಲ್ಲಿ ಕೈ ಕಟ್ಟಿತೋ ಅದನ್ನು ಬರೆದಿಡಿ. ಮೊದಲ ಸಲ ಸಾಮಾನ್ಯವಾಗಿ ಒಟಿಪಿಯಲ್ಲೇ ನಿಲ್ಲುತ್ತದೆ.

ಮೊದಲು ಯಾವ ಚಾವಿ ಹಂಚಬೇಕು?

ಮೊದಲು ರೆಪೊ. ಅದು ಗಿಟ್‌ಹಬ್‌ನಲ್ಲಿ (ರೆಪೊಗಳನ್ನು ಇಡುವ ಜಾಲತಾಣ) ಯಾರದೋ ವೈಯಕ್ತಿಕ ಖಾತೆಯಲ್ಲಿದ್ದರೆ ಒಂದು ಆರ್ಗನೈಸೇಶನ್ ಖಾತೆ ತೆರೆಯಿರಿ, ಉಚಿತ. ಸೆಟ್ಟಿಂಗ್ಸ್ ಪುಟದ ತೀರ ಕೆಳಗೆ 'ಡೇಂಜರ್ ಝೋನ್' ಇದೆ. ಅಲ್ಲಿನ ಟ್ರಾನ್ಸ್‌ಫರ್ ಒತ್ತಿ ರೆಪೊವನ್ನು ಅದಕ್ಕೆ ವರ್ಗಾಯಿಸಿ. ಹೆಸರು ನೋಡಿ ಗಾಬರಿ ಬೇಡ, ಇಶ್ಯೂಗಳು, ಸ್ಟಾರ್‌ಗಳು ಜೊತೆಗೇ ಬರುತ್ತವೆ, ಹಳೆಯ ಲಿಂಕ್ ಒತ್ತಿದವರು ಹೊಸ ಜಾಗಕ್ಕೇ ಬರುತ್ತಾರೆ. ಹಳೆಯ ಹೆಸರಿನಲ್ಲೇ ಇನ್ನೊಂದು ರೆಪೊ ತೆರೆದರೆ ಮಾತ್ರ ಆ ದಾರಿ ಮುಚ್ಚುತ್ತದೆ. ಓನರ್ ಎಂದು ಇಬ್ಬರನ್ನು ಹಾಕಿ, ಮೂವರಾದರೆ ಇನ್ನೂ ಒಳ್ಳೆಯದು. ಉಳಿದವರೆಲ್ಲರಿಗೂ ಅಡ್ಮಿನ್ ಕೊಡುವ ಅಗತ್ಯ ಇಲ್ಲ. ಇಶ್ಯೂ ವಿಂಗಡಿಸುವವರಿಗೆ ಟ್ರಯಾಜ್, ಕೋಡ್ ಸೇರಿಸುವವರಿಗೆ ರೈಟ್, ರೆಪೊ ನೋಡಿಕೊಳ್ಳುವವರಿಗೆ ಮೇಂಟೇನ್ ಸಾಕು.

ಎರಡನೆಯದು ಡೊಮೇನ್. ನೋಂದಣಿ ವೈಯಕ್ತಿಕ ಇಮೇಲ್‌ನಲ್ಲಿ ಬೇಡ, ಇಬ್ಬರಿಗೂ ಪತ್ರ ತಲುಪುವ ವಿಳಾಸದಲ್ಲಿ ಇರಲಿ. ಆ ವಿಳಾಸ ಅದೇ ಡೊಮೇನ್‌ನದ್ದೂ ಆಗಬಾರದು. ಡೊಮೇನ್ ಅವಧಿ ಮುಗಿದ ದಿನ ಇಮೇಲ್ ಕೂಡ ಸತ್ತಿರುತ್ತದೆ, ಕೀಲಿ ಹಾಕಿದ ಪೆಟ್ಟಿಗೆಯೊಳಗೇ ಚಾವಿ ಇಟ್ಟಂತೆ.

ಮೂರನೆಯದು ಆಂಡ್ರಾಯ್ಡ್ ಸಹಿಯ (ಆ್ಯಪ್ ನಿಮ್ಮದೇ ಎಂದು ಗುರುತಿಸುವ ಡಿಜಿಟಲ್ ಸಹಿಯ) ಚಾವಿ. 2021ರ ಆಗಸ್ಟ್‌ನಿಂದ ಪ್ಲೇ ಸ್ಟೋರಿಗೆ ಬರುವ ಹೊಸ ಆ್ಯಪ್‌ಗಳ ಮೂಲ ಸಹಿಚಾವಿಯನ್ನು ಗೂಗಲ್ ತನ್ನ ಬಳಿ ಇಟ್ಟುಕೊಳ್ಳುತ್ತದೆ. ನಿಮ್ಮ ಹತ್ತಿರ ಇರುವುದು ಅಪ್‌ಲೋಡ್ ಚಾವಿ, ಕಳೆದರೆ ಬದಲಿಸಿಕೊಳ್ಳಬಹುದು. ಆದರೆ ಎಪಿಕೆಯನ್ನು (ಆ್ಯಪ್‌ನ ಕಡತ) ಪ್ಲೇ ಸ್ಟೋರ್ ಇಲ್ಲದೆ ನೇರ ಹಂಚುವವರು ತಮ್ಮ ಚಾವಿ ಕಳೆದುಕೊಂಡರೆ ಉಪಾಯವಿಲ್ಲ. ಬೇರೆ ಸಹಿ ಇರುವ ಹೊಸ ಆವೃತ್ತಿಯನ್ನು ಹಳೆಯದರ ಮೇಲೆ ಹಾಕಲು ಆಂಡ್ರಾಯ್ಡ್ ಬಿಡುವುದಿಲ್ಲ. ಪ್ರತಿಯೊಬ್ಬ ರೈತನೂ ಹಳೆಯ ಆ್ಯಪ್ ತೆಗೆದು ಹೊಸದು ಹಾಕಿಕೊಳ್ಳಬೇಕು, ಅಂದರೆ ಬಹುಪಾಲು ಜನ ಹಾಕಿಕೊಳ್ಳುವುದಿಲ್ಲ. ಪ್ಲೇ ಕನ್ಸೋಲ್ ಖಾತೆಯ ಒಡೆಯ ಒಬ್ಬರೇ ಇರಲು ಸಾಧ್ಯ, ಹಾಗಾಗಿ ಇನ್ನೊಬ್ಬರನ್ನು ಅಡ್ಮಿನ್ ಹಕ್ಕಿನೊಂದಿಗೆ ಬಳಕೆದಾರರಾಗಿ ಸೇರಿಸಿ.

ಸರ್ವರ್‌ಗೆ ಒಂದೇ ಎಸ್‌ಎಸ್‌ಎಚ್ (ದೂರದಿಂದ ಒಳಗೆ ಹೋಗುವ) ಚಾವಿಯನ್ನು ಎಲ್ಲರಿಗೂ ನಕಲು ಮಾಡಿ ಕೊಡಬೇಡಿ. ಪ್ರತಿಯೊಬ್ಬರದೂ ಬೇರೆ ಚಾವಿ ಸೇರಿಸಿದರೆ, ಒಬ್ಬರು ಹೊರಟಾಗ ಅವರ ಒಂದು ಸಾಲು ಅಳಿಸಿದರೆ ಮುಗಿಯಿತು. ಸಂಪರ್ಕ ಸುರಕ್ಷಿತ ಎಂದು ತೋರಿಸುವ ಲೆಟ್ಸ್ ಎನ್‌ಕ್ರಿಪ್ಟ್ ಪ್ರಮಾಣಪತ್ರ ಬಳಸುತ್ತಿದ್ದರೆ ಅದರ ಆಯುಷ್ಯ ಹೆಚ್ಚೆಂದರೆ 90 ದಿನ ಎಂಬುದು ಕನಿಷ್ಠ ಇಬ್ಬರಿಗೆ ಗೊತ್ತಿರಲಿ. ತಾನಾಗಿ ನವೀಕರಿಸುವ ವ್ಯವಸ್ಥೆ ಸದ್ದಿಲ್ಲದೆ ನಿಂತಿರುತ್ತದೆ, ಮೂರು ತಿಂಗಳೊಳಗೆ ಆ್ಯಪ್ ಎಲ್ಲರಿಗೂ ಒಟ್ಟಿಗೆ ಬಂದ್.

ಪಾಸ್‌ವರ್ಡ್ ಎಲ್ಲರಿಗೂ ಹೇಳಿಬಿಟ್ಟರೆ ಆಗಲ್ವಾ?

ಆಗುವುದಿಲ್ಲ. ಒಂದೇ ಖಾತೆಯನ್ನು ನಾಲ್ವರು ಬಳಸಿದರೆ ಯಾರು ಏನು ಅಳಿಸಿದರು ಎಂಬ ಗುರುತು ಉಳಿಯುವುದಿಲ್ಲ, ಒಟಿಪಿಯಂತೂ ಒಂದೇ ಫೋನಿಗೆ ಬರುತ್ತದೆ. ರೀಚಾರ್ಜ್ ಇಲ್ಲದೆ ಬಂದ್ ಆದ ನಂಬರು 90 ದಿನದ ಮೇಲೆ ಬೇರೆಯವರ ಕೈ ಸೇರಬಹುದು ಎಂಬುದೂ ನೆನಪಿರಲಿ. ಒಂದೇ ಖಾತೆ ಅನಿವಾರ್ಯ ಇರುವ ಕಡೆ ಕೀಪಾಸ್‌ಎಕ್ಸ್‌ಸಿಯಂಥ ಪಾಸ್‌ವರ್ಡ್ ಪೆಟ್ಟಿಗೆ ಬಳಸಿ, ಎರಡನೇ ಹಂತಕ್ಕೆ ಎಸ್‌ಎಂಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಇಡಿ, ರಿಕವರಿ ಕೋಡ್‌ಗಳನ್ನು ಕಾಗದದ ಮೇಲೆ ಮುದ್ರಿಸಿ ಎರಡು ಬೇರೆ ಮನೆಗಳಲ್ಲಿ ಇರಿಸಿ.

ಪೆಟ್ಟಿಗೆಯ ಮುಖ್ಯ ಪಾಸ್‌ವರ್ಡ್ ಯಾರ ಹತ್ತಿರ ಎಂಬ ಜಗಳಕ್ಕೆ ಗಣಿತದಲ್ಲೇ ಪರಿಹಾರ ಇದೆ. ಗೂಢಲಿಪಿ ತಜ್ಞ ಆದಿ ಶಮೀರ್ 1979ರಲ್ಲಿ ಕೊಟ್ಟ ವಿಧಾನದಲ್ಲಿ ಗುಟ್ಟನ್ನು 5 ಚೂರು ಮಾಡಬಹುದು. ಯಾವುದೇ 3 ಚೂರು ಸೇರಿದರೆ ತೆರೆಯುತ್ತದೆ, 2 ಸೇರಿದರೆ ಏನೂ ತಿಳಿಯುವುದಿಲ್ಲ. ಇದನ್ನು ಮಾಡಿಕೊಡುವ ಉಚಿತ ಉಪಕರಣಗಳು ಲಿನಕ್ಸ್‌ನಲ್ಲಿ ಸಿಗುತ್ತವೆ. ಚೂರುಗಳನ್ನು ಹಂಚುವ ಮೊದಲು ಒಮ್ಮೆ ಜೋಡಿಸಿ ತೆರೆದು ನೋಡಿ.

ತೀರ್ಮಾನ ಯಾರು ಮಾಡಬೇಕು? ಎಲ್ಲದಕ್ಕೂ ಮತ ಹಾಕಿಸಬೇಕೇ?

ಬೇಡ. ಮುಕ್ತ ತಂತ್ರಾಂಶದ ದೊಡ್ಡ ಸಂಸ್ಥೆಯಾದ ಅಪಾಚೆಯ ಯೋಜನೆಗಳಲ್ಲಿ ದಿನನಿತ್ಯದ ಕೆಲಸಕ್ಕೆ ಮೌನವೇ ಸಮ್ಮತಿ: ಹೀಗೆ ಮಾಡುತ್ತೇನೆ ಎಂದು ಬರೆದು, ಸಾಮಾನ್ಯವಾಗಿ 72 ಗಂಟೆ ಕಾಯುವುದು, ಯಾರೂ ತಕರಾರು ಮಾಡದಿದ್ದರೆ ಮುಂದುವರಿಯುವುದು. ಕೋಡ್ ಬದಲಾವಣೆಗೆ ಒಬ್ಬ ಮೇಂಟೇನರ್ ಅಡ್ಡಿ ಹಾಕಬಹುದು, ತಾಂತ್ರಿಕ ಕಾರಣ ಕೊಡಬೇಕು. ರಿಲೀಸ್‌ಗೆ ಮಾತ್ರ ಕನಿಷ್ಠ ಮೂರು ಅಧಿಕೃತ ಒಪ್ಪಿಗೆ ಬೇಕು. 72 ಗಂಟೆ ಬೇರೆ ಬೇರೆ ದೇಶದವರಿಗೂ ಓದಲು ಸಮಯ ಸಿಗಲಿ ಎಂದು. ನಮ್ಮಲ್ಲಿ ಬೇರೆ ಕಾರಣಕ್ಕೆ ಅದು ಚೆನ್ನಾಗಿ ಹೊಂದುತ್ತದೆ, ಇಂಟರ್ನಲ್ಸ್ ಪರೀಕ್ಷೆಯ ನಡುವೆಯೂ ಮೂರು ದಿನದಲ್ಲಿ ಒಮ್ಮೆ ಮೇಲ್ ನೋಡಲು ಆಗುತ್ತದೆ.

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ದಾರಿ ಬೇರೆ. ಅದನ್ನು ಹುಟ್ಟುಹಾಕಿದ ಗಿಡೊ ವಾನ್ ರೊಸಮ್ ಸುಮಾರು ಮೂರು ದಶಕ ಕೊನೆಯ ಮಾತು ತಮ್ಮದಾಗಿ ಇಟ್ಟುಕೊಂಡಿದ್ದರು. ಪೆಪ್ 572 ಎಂಬ ಬದಲಾವಣೆಯ ಪ್ರಸ್ತಾವದ ವಾಗ್ವಾದದ ಬಳಿಕ 2018ರ ಜುಲೈನಲ್ಲಿ ಆ ಸ್ಥಾನ ಬಿಟ್ಟರು, ಉತ್ತರಾಧಿಕಾರಿಯನ್ನೂ ಹೆಸರಿಸಲಿಲ್ಲ. ಉಳಿದವರು ತಿಂಗಳುಗಟ್ಟಲೆ ಚರ್ಚಿಸಿ, ಮತ ಹಾಕಿ ಐದು ಜನರ ಸ್ಟೀರಿಂಗ್ ಕೌನ್ಸಿಲ್ ಮಾಡಿಕೊಂಡರು. ಮೊದಲ ಚುನಾವಣೆ 2019ರಲ್ಲಿ ನಡೆಯಿತು. ಅದರಲ್ಲೊಂದು ನಿಯಮ ನಮಗೂ ಬೇಕಾದದ್ದು: ಒಂದೇ ಕಂಪನಿಯ ಇಬ್ಬರಿಗಿಂತ ಹೆಚ್ಚು ಜನ ಕೌನ್ಸಿಲ್‌ನಲ್ಲಿ ಇರಬಾರದು. ಕಂಪನಿ ಎಂಬಲ್ಲಿ 'ಒಂದೇ ಕಾಲೇಜಿನ ಒಂದೇ ಬ್ಯಾಚ್' ಎಂದು ಓದಿಕೊಳ್ಳಿ. ಒಂದೇ ಬ್ಯಾಚಿನ ಮೂವರು ಚಾವಿ ಹಿಡಿದರೆ ಮೂವರೂ ಒಂದೇ ತಿಂಗಳು ಹೋಗುತ್ತಾರೆ. ಮೂರನೇ ವರ್ಷದ ಒಬ್ಬರು, ಊರಲ್ಲೇ ಕೆಲಸ ಮಾಡುವ ಒಬ್ಬರು, ಹೊರಗೆ ಹೋದ ಹಳಬರೊಬ್ಬರು ಇದ್ದರೆ ಬಹಳ ಕಾಲ ನಡೆಯುತ್ತದೆ.

ಲಿನಕ್ಸ್ ಆಧಾರಿತ ಆಪರೇಟಿಂಗ್ ಸಿಸ್ಟಂ ಕಟ್ಟುವ ಡೆಬಿಯನ್‌ನಲ್ಲಿ ವರ್ಷಕ್ಕೊಮ್ಮೆ ನಾಯಕರ ಚುನಾವಣೆ ಇದೆ, 1998ರಿಂದ ಲಿಖಿತ ಸಂವಿಧಾನವೂ ಇದೆ. ಐದು ಜನರ ಯೋಜನೆಗೆ ಅಷ್ಟು ಬೇಡ. ಗವರ್ನೆನ್ಸ್ ಎಂಬ ಒಂದು ಕಡತದಲ್ಲಿ ಅರ್ಧ ಪುಟ ಬರೆಯಿರಿ: ಮೇಂಟೇನರ್‌ಗಳು ಯಾರು, ಹೊಸಬರು ಹೇಗೆ ಬರುತ್ತಾರೆ, ಮತ ಸಮ ಬಂದರೆ ಏನು, ಎಷ್ಟು ತಿಂಗಳು ಸುದ್ದಿ ಇಲ್ಲದಿದ್ದರೆ ಹಕ್ಕು ವಾಪಸ್. ಆರು ತಿಂಗಳು ಎಂದು ಹಾಕಿ. ತಿರುಗಿ ಬಂದರೆ ತಿರುಗಿ ಕೊಡುವುದು ಎಂದೂ ಬರೆದಿಡಿ, ಆಗ ತೆಗೆಯುವಾಗ ಯಾರ ಮನಸ್ಸೂ ಕಹಿಯಾಗುವುದಿಲ್ಲ.

ನಮ್ಮ ತೀರ್ಮಾನ ಎಲ್ಲ ವಾಟ್ಸ್‌ಆ್ಯಪ್‌ನಲ್ಲೇ ಆಗುತ್ತದೆ. ತಪ್ಪೇ?

ಮಾತು ಅಲ್ಲೇ ನಡೆಯಲಿ, ತೀರ್ಮಾನ ಮಾತ್ರ ಇಶ್ಯೂಗೆ ಬರಲಿ. ಏನು ನಿರ್ಧಾರ, ಯಾಕೆ, ಯಾರು ಒಪ್ಪಿದರು, ಎರಡು ಮೂರು ಸಾಲು ಸಾಕು. ಗುಂಪಿನಲ್ಲಿ ಇಲ್ಲದವರಿಗೆ ಏನೂ ಗೊತ್ತಾಗದಿದ್ದರೆ ಅವರು ಎಷ್ಟು ಕೋಡ್ ಬರೆದರೂ ಹೊರಗಿನವರೇ. ಫೋನ್ ಬದಲಿಸಿದಾಗ ಚಾಟ್ ಹೋಗುತ್ತದೆ ಎಂಬುದು ಬೇರೆ ಮಾತು.

ಹೊಸಬರನ್ನು ನಂಬುವುದು ಹೇಗೆ? ಅಧಿಕಾರ ಕೊಟ್ಟು ಮೋಸ ಹೋದರೆ?

ಈ ಭಯಕ್ಕೆ ಆಧಾರ ಇದೆ. 2018ರಲ್ಲಿ ಇವೆಂಟ್-ಸ್ಟ್ರೀಮ್ ಎಂಬ ಜಾವಾಸ್ಕ್ರಿಪ್ಟ್ ಪ್ಯಾಕೇಜನ್ನು ಅದರ ಮೂಲ ಕರ್ತೃ, ತನಗೆ ಸಮಯವಿಲ್ಲವೆಂದು, ಕೇಳಿಕೊಂಡು ಬಂದ ಅಪರಿಚಿತರಿಗೆ ಒಪ್ಪಿಸಿದರು. ಆ ವ್ಯಕ್ತಿ ಬಿಟ್‌ಕಾಯಿನ್ ಕದಿಯುವ ಕೋಡ್ ಇದ್ದ ಇನ್ನೊಂದು ಪ್ಯಾಕೇಜನ್ನು ಒಳಗೆ ಸೇರಿಸಿದ.

ಎಕ್ಸ್‌ಝಡ್ ಪ್ರಕರಣ ಇನ್ನೂ ಸೂಕ್ಷ್ಮ. ಲಿನಕ್ಸ್‌ಗಳಲ್ಲೆಲ್ಲ ಬಳಕೆಯಲ್ಲಿರುವ ಈ ಸಂಕೋಚನ ತಂತ್ರಾಂಶವನ್ನು ವರ್ಷಗಟ್ಟಲೆ ಒಬ್ಬರೇ ಬಿಡುವಿನಲ್ಲಿ ನೋಡಿಕೊಂಡಿದ್ದರು. ಬೇರೆ ಬೇರೆ ಹೆಸರಿನ ಖಾತೆಗಳು ಕೆಲಸ ನಿಧಾನವಾಯಿತೆಂದು ಅವರ ಮೇಲೆ ಒತ್ತಡ ಹಾಕಿದವು. ಅದೇ ಹೊತ್ತಿಗೆ ಜಿಯಾ ಟ್ಯಾನ್ ಎಂಬ ಹೆಸರಿನ ಒಬ್ಬ ಸಹಾಯಕ ಸಿದ್ಧನಿದ್ದ. ಸುಮಾರು ಎರಡು ವರ್ಷ ಒಳ್ಳೆಯ ಕೆಲಸ ಮಾಡಿ ನಂಬಿಕೆ ಗಳಿಸಿ, 2024ರಲ್ಲಿ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಹಿಂಬಾಗಿಲು (ಗುಟ್ಟಾಗಿ ಒಳಗೆ ಬರುವ ದಾರಿ) ಇಟ್ಟ. ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆಯಲ್ಲ ಎಂದು ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೆವಲಪರ್ ಆಂಡ್ರೆಸ್ ಫ್ರೊಯಿಂಡ್ ಬೆನ್ನು ಹತ್ತಿದ್ದರಿಂದ ಮಾರ್ಚ್ 29ರಂದು ಅದು ಬಯಲಾಯಿತು.

ಇದನ್ನು ಓದಿ 'ನೋಡಿ, ಹಂಚಬಾರದು' ಎನ್ನುವವರಿದ್ದಾರೆ. ನಮಗೆ ಕಾಣುವುದು ಬೇರೆ. ದಣಿದ ಒಬ್ಬರಿಂದ ಇನ್ನೊಬ್ಬರಿಗೆ ಪೂರ್ತಿ ಚಾವಿ ದಾಟಿದ್ದು ಹಂಚಿಕೆಯಲ್ಲ. ನೋಡುವ ಮೂರನೇ ಕಣ್ಣು ಅಲ್ಲಿರಲಿಲ್ಲ. ಹಾಗಾಗಿ ಮೆಟ್ಟಿಲು ಮಾಡಿ: ಮೊದಲು ಟ್ರಯಾಜ್, ಏಳೆಂಟು ಪುಲ್ ರಿಕ್ವೆಸ್ಟ್ (ಸೇರಿಸಿ ಎಂದು ಕಳಿಸಿದ ಬದಲಾವಣೆ) ಒಪ್ಪಿಗೆಯಾದ ಮೇಲೆ ರಿವ್ಯೂ, ಮೂರು ನಾಲ್ಕು ತಿಂಗಳ ಮೇಲೆ ಮರ್ಜ್ (ಕೋಡ್ ಒಳಗೆ ಸೇರಿಸುವ) ಹಕ್ಕು, ರಿಲೀಸ್ ಕೊನೆಗೆ. ಮುಖ್ಯ ಬ್ರಾಂಚ್‌ಗೆ (ಎಲ್ಲರ ಬದಲಾವಣೆ ಬಂದು ಸೇರುವ ಕೋಡ್‌ಗೆ) ರಕ್ಷಣೆ ಹಾಕಿ, ಒಬ್ಬರ ರಿವ್ಯೂ ಇಲ್ಲದೆ ಏನೂ ಸೇರದಂತೆ ಮಾಡಿ, ಅಡ್ಮಿನ್‌ಗಳಿಗೂ ಅದೇ ನಿಯಮ ಇರಲಿ. ಸಾರ್ವಜನಿಕ ರೆಪೊಗೆ ಇದೆಲ್ಲ ಉಚಿತ. ರಿಲೀಸ್ ಕಡತವನ್ನು ಯಾರದೋ ಲ್ಯಾಪ್‌ಟಾಪ್‌ನಲ್ಲಿ ಕಟ್ಟಬೇಡಿ. ಎಕ್ಸ್‌ಝಡ್‌ನಲ್ಲಿ ದಾಳಿಗೆ ಜೀವ ಕೊಡುವ ಸಾಲುಗಳು ಇದ್ದದ್ದು ಬಿಡುಗಡೆಯ ಟಾರ್ ಕಡತದಲ್ಲಿ, ಗಿಟ್ ರೆಪೊದಲ್ಲಿ ಅಲ್ಲ.

ಊರಿನ ಹುಡುಗರ ನಡುವೆ ಮುಖ ನೋಡಿ ಮಾತಾಡುವ ಅನುಕೂಲ ಇದೆ, ಅದು ಸಣ್ಣದಲ್ಲ. ಆದರೆ 'ನಮ್ಮ ಅಣ್ಣನೇ' ಎಂದು ರಿವ್ಯೂ ಬಿಡಬೇಡಿ.

ಕೋಡ್ ಬರದವರಿಗೂ ಅಧಿಕಾರ ಕೊಡಬೇಕೇ?

ಖಂಡಿತ. ದರಪಟ್ಟಿಯಲ್ಲಿ ಕನಿಷ್ಠ, ಗರಿಷ್ಠ, 'ಮೋಡಲ್' ಎಂಬ ಮೂರು ದರ ಇರುತ್ತವೆ. ಡೆವಲಪರ್ ಮೂರನೆಯದನ್ನು 'ಸರಾಸರಿ' ಎಂದು ಅನುವಾದಿಸುತ್ತಾನೆ. ತಪ್ಪು. ಅದು ಆ ದಿನ ಹೆಚ್ಚು ಮಾಲು ಮಾರಾಟವಾದ ದರ. ಕನಿಷ್ಠ 5000, ಗರಿಷ್ಠ 8000 ಇದ್ದು, ಒಳ್ಳೆಯ ಮಾಲೇ ಜಾಸ್ತಿ ಬಂದಿದ್ದರೆ ಅದು 7600 ಇರಬಹುದು. ಸರಾಸರಿ ಎಂದು ಓದಿದ ರೈತ ಅಡತಿಯಲ್ಲಿ ತಪ್ಪು ಲೆಕ್ಕ ಹಾಕುತ್ತಾನೆ. ಇದನ್ನು ಮೊದಲು ಹಿಡಿಯುವವರು ಅಡತಿ ಅಂಗಡಿಯ ಗುಮಾಸ್ತರು, ಕೋಡ್ ಬಲ್ಲವರಲ್ಲ. ಅಂಥವರಿಗೆ ಸಲಹೆಗಾರ ಎಂಬ ಪದವಿ ಕೊಟ್ಟು ಕೂರಿಸಬೇಡಿ, ಪಠ್ಯದ ಕಡತಗಳಿಗೆ ಕೋಡ್‌ಓನರ್ಸ್‌ನಲ್ಲಿ (ಯಾವ ಕಡತಕ್ಕೆ ಯಾರ ಒಪ್ಪಿಗೆ ಎಂದು ಬರೆದಿಡುವ ಕಡತ) ಅವರ ಹೆಸರು ಹಾಕಿ. ಖಾತೆಗೆ ರೈಟ್ ಹಕ್ಕು ಇರಬೇಕು, ಬ್ರಾಂಚ್ ರಕ್ಷಣೆಯಲ್ಲಿ ಕೋಡ್‌ಓನರ್ ರಿವ್ಯೂ ಕಡ್ಡಾಯ ಎಂಬುದನ್ನೂ ಗುರುತಿಸಿರಬೇಕು. ಆಗ ಅವರ ಒಪ್ಪಿಗೆ ಇಲ್ಲದೆ ಆ ಸಾಲು ಬದಲಾಗುವುದಿಲ್ಲ. ಒಂದು ಎಚ್ಚರ: ಆ ಕಡತದಲ್ಲಿ ಕೆಳಗಿನ ಸಾಲು ಮೇಲಿನದನ್ನು ಮೀರುತ್ತದೆ. 'ಎಲ್ಲ ಕಡತಗಳೂ ಮುಖ್ಯಸ್ಥರಿಗೆ' ಎಂಬ ಸಾಲನ್ನು ಕೊನೆಗೆ ಬರೆದರೆ ಉಳಿದವರ ಹಕ್ಕೆಲ್ಲ ಹೋಯಿತು.

ಭಾಷೆಯ ಜಗಳ ಹೇಗೆ ಬಗೆಹರಿಸುವುದು?

ಪ್ರತಿ ಭಾಷೆಗೆ ಇಬ್ಬರು ಇರಲಿ, ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಲಿ. ಫೈಲ್ ಅನ್ನಬೇಕೋ ಕಡತ ಅನ್ನಬೇಕೋ ಎಂದು ಪ್ರತಿ ಸಲ ಕುಸ್ತಿ ಹಿಡಿಯುವ ಬದಲು ಪದಪಟ್ಟಿಯಲ್ಲಿ ಒಮ್ಮೆ ಬರೆದು ಮುಗಿಸಿ. ಬೀದರಿನ ಉರ್ದು ಪಠ್ಯಕ್ಕೂ ಗುರುಮಠಕಲ್ಲಿನ ತೆಲುಗು ಪಠ್ಯಕ್ಕೂ ಕನ್ನಡದವರು ಮತ ಹಾಕುವುದು ಬೇಡ.

ಕನ್ನಡದಲ್ಲಿ ಕಣ್ಣಿಗೆ ಕಾಣದ ತಕರಾರೂ ಒಂದಿದೆ. ರ‍್ಯಾಲಿ, ರ‍್ಯಾಕ್ ಎಂದು ಬರೆಯಲು ರಕಾರದ ಮುಂದೆ ಕಾಣದ ಜೋಡಕ ಅಕ್ಷರ ಬೇಕು. ಅದಿಲ್ಲದಿದ್ದರೆ ಅರ್ಕಾವೊತ್ತಾಗಿ 'ರ್ಯಾಲಿ' ಆಗುತ್ತದೆ. ಒಬ್ಬರು ಹಾಕಿ ಇನ್ನೊಬ್ಬರು ಹಾಕದಿದ್ದರೆ ಹುಡುಕಾಟದಲ್ಲಿ ಅರ್ಧ ಸಿಗುವುದಿಲ್ಲ. ಇದೂ ಪದಪಟ್ಟಿಯಲ್ಲೇ ಇರಲಿ.

ಶುರು ಮಾಡಿದವರು ಬಿಟ್ಟುಕೊಡಲು ಒಪ್ಪದಿದ್ದರೆ?

ಕೆಳಗಿಳಿಯಿರಿ ಎಂದರೆ ಯಾರೂ ಒಪ್ಪುವುದಿಲ್ಲ. 'ನಿಮ್ಮ ಅಕ್ಕನ ಮದುವೆ ವಾರ ರಿಲೀಸ್ ನಾವು ಮಾಡ್ತೀವ್ರಿ' ಎಂದು ನೋಡಿ. ಲಿನಕ್ಸ್ ಕರ್ನಲ್‌ನ (ಆಪರೇಟಿಂಗ್ ಸಿಸ್ಟಂನ ತಿರುಳು) ಮುಂದಾಳು ಲಿನಸ್ ಟೊರ್ವಾಲ್ಡ್ಸ್ 2018ರ ಸೆಪ್ಟೆಂಬರ್‌ನಲ್ಲಿ ಕೆಲ ವಾರ ಬಿಡುವು ತೆಗೆದುಕೊಂಡಾಗ ಕರ್ನಲ್ 4.19 ಅನ್ನು ಗ್ರೆಗ್ ಕ್ರೋ-ಹಾರ್ಟ್‌ಮನ್ ಮುಗಿಸಿಕೊಟ್ಟರು. ಯಾವ ಭಾಗಕ್ಕೆ ಯಾರು ಎಂಬುದು ಮೇಂಟೇನರ್ಸ್ ಕಡತದಲ್ಲಿ ಮೊದಲೇ ಇದ್ದದ್ದರಿಂದ ಅದು ಸಾಧ್ಯವಾಯಿತು. ಟೊರ್ವಾಲ್ಡ್ಸ್ ತಿರುಗಿ ಬಂದು ತಮ್ಮ ಜಾಗದಲ್ಲೇ ಕೂತರು.

ಒಂಟಿ ಖಾತೆಯಲ್ಲೇ ಇರುತ್ತೇನೆ ಎನ್ನುವವರು ಕನಿಷ್ಠ ಗಿಟ್‌ಹಬ್ ಸೆಟ್ಟಿಂಗ್ಸ್‌ನಲ್ಲಿ ಸಕ್ಸೆಸರ್ ಎಂದು ಒಬ್ಬರನ್ನು ಹೆಸರಿಸಲಿ. ಖಾತೆದಾರರು ತೀರಿಕೊಂಡರೆ ಅವರು ಸಾರ್ವಜನಿಕ ರೆಪೊಗಳನ್ನು ನೋಡಿಕೊಳ್ಳಬಹುದು. ಮದುವೆ, ಪರೀಕ್ಷೆ, ಹೊಸ ಕೆಲಸಕ್ಕೆ ಇದು ಉಪಯೋಗಕ್ಕೆ ಬರುವುದಿಲ್ಲ.

ಎಲ್ಲರೂ ಯಜಮಾನರಾದರೆ ದುಡಿಯುವವರು ಯಾರು?

ಹಂಚಿಕೆ ಕೆಡುವ ಅತಿ ಸಾಮಾನ್ಯ ರೀತಿ ಇದೇ. ನಾಲ್ವರು ಮೇಂಟೇನರ್, ಇಶ್ಯೂಗೆ ಯಾರೂ ಉತ್ತರ ಬರೆಯುವುದಿಲ್ಲ, ಪ್ರತಿಯೊಬ್ಬರೂ ಇನ್ನೊಬ್ಬರು ನೋಡುತ್ತಾರೆ ಅಂದುಕೊಂಡಿರುತ್ತಾರೆ. ವಾರದ ಪಾಳಿ ಹಾಕಿ. ಸೋಮವಾರದಿಂದ ಭಾನುವಾರದವರೆಗೆ ಒಬ್ಬರು, ಹೊಸ ಇಶ್ಯೂಗೆ 3 ದಿನದೊಳಗೆ 'ನೋಡಿದೆವು' ಎಂದಾದರೂ ಬರೆಯುವುದು ಅವರ ಕೆಲಸ. ತಿದ್ದಲೇಬೇಕೆಂದಿಲ್ಲ. ಪಾಳಿ ತಪ್ಪಿಸಿಕೊಂಡರೆ ಬೈಯಬೇಡಿ, ಮೂರು ಸಲ ತಪ್ಪಿದರೆ ಪಟ್ಟಿಯಿಂದ ಹೆಸರು ತೆಗೆಯಿರಿ.

ದುಡ್ಡಿನ ವಿಷಯ?

ದೇಣಿಗೆ ಒಬ್ಬರ ಯುಪಿಐಗೆ ಬರುವವರೆಗೆ ಉಳಿದವರಿಗೆ ಒಳಗೊಳಗೇ ಸಂಶಯ ಇರುತ್ತದೆ, ಎಷ್ಟೇ ಸ್ನೇಹಿತರಿರಲಿ. ಸಣ್ಣ ಮೊತ್ತವಾದರೆ ಬಂದದ್ದು-ಹೋದದ್ದನ್ನು ರೆಪೊದಲ್ಲೇ ಒಂದು ಕಡತದಲ್ಲಿ ತೋರಿಸಿ. ದೊಡ್ಡದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಅಡಿ ಸಂಘ ಮಾಡಬಹುದು, ಕನಿಷ್ಠ 7 ಜನ ಬೇಕು. ಬ್ಯಾಂಕ್ ಖಾತೆಗೆ ಇಬ್ಬರ ಜಂಟಿ ಸಹಿ ಇರಲಿ. ವಿದೇಶದಿಂದ ಸಂಘಕ್ಕೆ ದೇಣಿಗೆ ತೆಗೆದುಕೊಳ್ಳುವ ಮೊದಲು ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ನೋಂದಣಿ ಅಥವಾ ಪೂರ್ವಾನುಮತಿ ಬೇಕು, ಲೆಕ್ಕಪರಿಶೋಧಕರನ್ನು ಕೇಳದೆ ಆ ದಾರಿ ಹಿಡಿಯಬೇಡಿ.

ಜಗಳವಾಗಿ ಯೋಜನೆ ಒಡೆದರೆ?

ಮುಕ್ತ ಲೈಸೆನ್ಸ್ ಇರುವುದರಿಂದ ಕೋಡ್ ಎರಡೂ ಬಣಕ್ಕೆ ಸಿಗುತ್ತದೆ. ಹೆಸರು, ಡೊಮೇನ್, ಬಳಕೆದಾರರು ಮಾತ್ರ ಒಂದೇ ಕಡೆ ಉಳಿಯುತ್ತಾರೆ. 2010ರಲ್ಲಿ ಓಪನ್‌ಆಫೀಸ್ ಎಂಬ ಕಚೇರಿ ತಂತ್ರಾಂಶದಿಂದ ಹೊರಬಂದವರು ಲಿಬ್ರೆಆಫೀಸ್ ಎಂಬ ಹೊಸ ಹೆಸರು ಕಟ್ಟಬೇಕಾಯಿತು. ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್‌ನಲ್ಲಿ ಒಂದೇ ಕಂಪನಿಯ ಹಿಡಿತಕ್ಕೆ ಬೇಸತ್ತವರು 2014ರ ಕೊನೆಗೆ ಐಒ ಜೆಎಸ್ ಎಂದು ಬೇರೆಯಾದರು. 2015ರಲ್ಲಿ ತಾಂತ್ರಿಕ ಸಮಿತಿಯ ಆಡಳಿತ ಒಪ್ಪಿಕೊಂಡ ಮೇಲೆ ಎರಡೂ ಕೂಡಿದವು. ಒಡೆಯುವುದೇ ಕೆಟ್ಟದ್ದೆಂದೇನೂ ಇಲ್ಲ. ಆದರೆ ಐದು ಜನರ ಯೋಜನೆ ಒಡೆದರೆ ಎರಡೂ ಕಡೆ ರಿವ್ಯೂ ಮಾಡುವವರು ಉಳಿಯುವುದು ಕಷ್ಟ.

ಬಿಟ್ಟು ಹೋಗುವವರು ಏನು ಮಾಡಿ ಹೋಗಬೇಕು?

ಆಫರ್ ಲೆಟರ್ ಬಂದ ವಾರವೇ ಶುರು ಮಾಡಿ, ಕೊನೆಯ ವಾರಕ್ಕೆ ಇಡಬೇಡಿ. ನಾಲ್ಕು ವಾರ ಬೇಕಾಗುತ್ತದೆ. ಮೊದಲ ವಾರ ನಿಮ್ಮ ಹತ್ತಿರ ಇರುವ ಖಾತೆ, ಚಾವಿ, ಬಿಲ್‌ಗಳ ಪಟ್ಟಿ: ಯಾವುದು, ಯಾವ ಇಮೇಲ್, ಯಾವ ಫೋನ್, ಎಂದು ಮುಗಿಯುತ್ತದೆ, ಯಾರ ಕಾರ್ಡಿನಿಂದ ದುಡ್ಡು ಹೋಗುತ್ತದೆ. ಎರಡನೇ ವಾರ ಹೊಸಬರು ರಿಲೀಸ್ ಮಾಡಲಿ, ನೀವು ಪಕ್ಕ ಕೂತು ನೋಡಿ. ಮೂರನೇ ವಾರ ಅವರೇ ಮಾಡಲಿ, ನೀವು ಮನೆಯಲ್ಲಿರಿ. ನಾಲ್ಕನೇ ವಾರ ನಿಮ್ಮ ಹಕ್ಕುಗಳನ್ನು ನೀವೇ ತೆಗೆದುಹಾಕಿ, ಸರ್ವರ್‌ನಿಂದ ನಿಮ್ಮ ಚಾವಿಯ ಸಾಲು ಅಳಿಸಿ, ಟೋಕನ್‌ಗಳನ್ನು (ಸ್ಕ್ರಿಪ್ಟ್‌ಗಳು ಪಾಸ್‌ವರ್ಡ್ ಬದಲು ಬಳಸುವ ಗುಟ್ಟಿನ ಸಾಲುಗಳನ್ನು) ರದ್ದು ಮಾಡಿ. ದರ ತರುವ ಸ್ಕ್ರಿಪ್ಟ್ ರಾತ್ರಿ ಓಡುವುದು ಯಾರ ಟೋಕನ್‌ನಿಂದ ಎಂದು ಅದಕ್ಕೂ ಮೊದಲು ನೋಡಿ. ನಿಮ್ಮದೇ ಆಗಿದ್ದರೆ ರದ್ದು ಮಾಡಿದ ರಾತ್ರಿಯೇ ಅದು ನಿಲ್ಲುತ್ತದೆ, ಬೆಳಿಗ್ಗೆ ಮೊದಲ ಫೋನು ಬರುವುದು ನಿಮಗೇ.